ಸಹಿ ಹಾಕುವ ಮುನ್ನ ಕಂಪನಿಯ ಜಾತಕ ನೋಡಿ

ಸಿಂಗಸಂದ್ರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹೊಸೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ಕೂಡ್ಲು ಗೇಟ್ ಕಡೆ ನಡೆಯುವಾಗ ಕಟ್ಟಡಗಳ ಮೇಲಿನ ಮಹಡಿಗಳತ್ತ ಕಣ್ಣು ಹಾಯಿಸಿ. ನೆಲಮಹಡಿಯಲ್ಲಿ ಪೀಠೋಪಕರಣದ ಮಳಿಗೆ, ಅದರ ಮೇಲೆ ಬ್ಯಾಂಕು ಅಥವಾ ಜಿಮ್ಮು, ಅದಕ್ಕೂ ಮೇಲೆ ಮೂವತ್ತು ನಲವತ್ತು ಜನ ಕೂತು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿ. ಇಲ್ಲಿಂದ ಮೂರೇ ನಿಲ್ದಾಣದಾಚೆ, ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ಶುರು ಮಾಡಿದ ಎಲೆಕ್ಟ್ರಾನಿಕ್ ಸಿಟಿ ಇದೆ. ಅಲ್ಲಿನ ದೊಡ್ಡ ಕಂಪನಿಗಳ ಬಗ್ಗೆ ಕೇಳಿದರೆ ಊರಲ್ಲಿರುವ ಚಿಕ್ಕಪ್ಪನೂ ಹೇಳುತ್ತಾರೆ: ಫ್ರೆಷರ್‌ಗೆ ಎಷ್ಟು ಸಂಬಳ, ಈ ವರ್ಷ ಹೈಕ್ ಎಷ್ಟು, ಲಾಭ ಏರಿತೋ ಇಳಿಯಿತೋ. ಮಹಡಿ ಮೇಲಿನ ನಲವತ್ತು ಜನರ ಕಂಪನಿಯ ಬಗ್ಗೆ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಎಇಸಿಎಸ್ ಲೇಔಟ್, ಹೊಸ ರೋಡ್ ಸುತ್ತಮುತ್ತಲ ಪಿಜಿಗಳಲ್ಲಿ ಇಂಥ ಎರಡು ಕಂಪನಿಗಳ ಆಫರ್ ಲೆಟರ್ ಪಕ್ಕಪಕ್ಕ ಇಟ್ಟುಕೊಂಡು ಕೂತಿರುವ ಹುಡುಗ ಹುಡುಗಿಯರು ಕೊನೆಗೆ ಮಾಡುವುದು ಒಂದೇ. ಸಿಟಿಸಿ, ಅಂದರೆ ಕಂಪನಿ ನೌಕರರ ಮೇಲೆ ಮಾಡುವ ವರ್ಷದ ಒಟ್ಟು ವೆಚ್ಚ, ಯಾವುದರಲ್ಲಿ ಜಾಸ್ತಿಯೋ ಅದಕ್ಕೆ ಸಹಿ. ಕೊಪ್ಪಳದಿಂದಲೋ ಹಾಸನದಿಂದಲೋ ಬಂದು, ಶಿಕ್ಷಣ ಸಾಲದ ಕಂತು ಹೊತ್ತುಕೊಂಡಿರುವ ಮಕ್ಕಳಿಗೆ ಎರಡು ತಿಂಗಳು ಸಂಬಳ ನಿಂತರೆ ಏನಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಆತುರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮದುವೆಗೆ ಜಾತಕ ನೋಡುವ ನಮ್ಮ ಮನೆಗಳಲ್ಲಿ, ದಿನಕ್ಕೆ ಒಂಬತ್ತು ಗಂಟೆ ದುಡಿಯಬೇಕಾದ ಕಂಪನಿಯ ಕಾಗದಪತ್ರ ನೋಡುವ ರೂಢಿ ಇನ್ನೂ ಬಂದಿಲ್ಲ. ನೋಡಬೇಕಾದದ್ದರಲ್ಲಿ ಬಹುಪಾಲು ಸರ್ಕಾರಿ ಜಾಲತಾಣಗಳಲ್ಲಿ ಬಿಟ್ಟಿಯಾಗಿಯೇ ಸಿಗುತ್ತದೆ. ಒಂದು ಶನಿವಾರ, ಒಂದು ನೋಟ್‌ಬುಕ್ ಸಾಕು. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದೊಂದು ಕಂಪನಿಗೆ ಒಂದೊಂದು ಭಾಗ ಕೊಟ್ಟು, ಸಂಬಳ, ಗಾತ್ರ, ನಾಯಕತ್ವ ಎಂದು ಮೂರು ತಲೆಬರಹ ಬರೆದುಕೊಳ್ಳಿ. ಮೂರರಲ್ಲಿ ಕೊನೆಯದೇ ಹೆಚ್ಚು ತೂಕದ್ದು. ಸಣ್ಣ ಕಂಪನಿಯಲ್ಲಿ ಸಂಬಳ ಯಾವ ತಾರೀಕಿಗೆ ಬರಬೇಕು, ಯಾರು ಇರಬೇಕು, ಯಾರು ಹೋಗಬೇಕು ಎಂಬುದೆಲ್ಲ ಒಬ್ಬರೋ ಇಬ್ಬರೋ ತೀರ್ಮಾನಿಸುವ ವಿಷಯ.

ಮೊದಲು ನಿಜವಾದ ಹೆಸರು

ಬೋರ್ಡಿನ ಮೇಲಿರುವ ಹೆಸರು ಒಂದು, ಆಫರ್ ಲೆಟರ್‌ನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರು ಇನ್ನೊಂದು ಆಗಿರುವುದು ಸಾಮಾನ್ಯ. ನಿಮಗೆ ಸಂಬಳ ಕೊಡುವುದು ಆ ಎರಡನೆಯದು. ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಯಾದರೆ ಲೆಟರ್‌ಹೆಡ್‌ನಲ್ಲಿ 21 ಅಕ್ಷರ-ಅಂಕಿಗಳ ಸಿಐಎನ್ ಸಂಖ್ಯೆ ಮುದ್ರಿಸಿರಲೇಬೇಕು. ಇದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ ಇನ್ಫೊಸಿಸ್‌ನ ಸಂಖ್ಯೆ ನೋಡಿ: ಎಲ್ 85110 ಕೆಎ 1981 ಪಿಎಲ್‌ಸಿ 013115. ಮೊದಲ ಅಕ್ಷರ ಎಲ್ ಎಂದರೆ ಷೇರುಪೇಟೆಯಲ್ಲಿ ನೋಂದಾಯಿತ. ಮುಂದಿನ ಐದು ಅಂಕಿ ಉದ್ಯಮದ ಸಂಕೇತ. ಕೆಎ ಎಂದರೆ ಕರ್ನಾಟಕ. ಆಮೇಲೆ ಹುಟ್ಟಿದ ವರ್ಷ 1981. ಪಿಎಲ್‌ಸಿ ಎಂದರೆ ಪಬ್ಲಿಕ್ ಲಿಮಿಟೆಡ್. ಕೊನೆಯದು ನೋಂದಣಿ ಸಂಖ್ಯೆ. ನಿಮ್ಮ ಸಣ್ಣ ಕಂಪನಿಯದ್ದು ಯು ಅಕ್ಷರದಿಂದ ಶುರುವಾಗಿ, ಪಿಎಲ್‌ಸಿ ಬದಲು ಪಿಟಿಸಿ ಅಂದರೆ ಪ್ರೈವೇಟ್ ಲಿಮಿಟೆಡ್ ಎಂದಿರುತ್ತದೆ. ‘ನಮಗೆ ಹದಿನೈದು ವರ್ಷದ ಅನುಭವ’ ಎನ್ನುವ ಕಂಪನಿಯ ಸಂಖ್ಯೆಯಲ್ಲಿ 2023 ಎಂದು ಕಂಡರೆ ಕಾರಣ ಕೇಳಿ. ಹಳೆಯ ಪಾಲುದಾರಿಕೆ ಸಂಸ್ಥೆಯನ್ನು ಕಂಪನಿ ಮಾಡಿಕೊಂಡಿರಬಹುದು, ಅದರಲ್ಲಿ ತಪ್ಪಿಲ್ಲ. ಹಳೆಯ ಕಂಪನಿಯ ಸಾಲ ತೊಳೆದುಕೊಳ್ಳಲು ಹೊಸ ಹೆಸರು ಹುಟ್ಟಿರಲೂಬಹುದು.

ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಖಾತೆ ತೆರೆದು, ಮಾಸ್ಟರ್ ಡೇಟಾ ವಿಭಾಗದಲ್ಲಿ ಈ ಹೆಸರು ಹಾಕಿ ಹುಡುಕಿ. ನಿರ್ದೇಶಕರ ಪಟ್ಟಿ, ಅವರು ಸೇರಿದ ದಿನಾಂಕ, ಷೇರು ಬಂಡವಾಳ, ಆಸ್ತಿ ಅಡಮಾನವಿಟ್ಟು ಪಡೆದ ಸಾಲ ಇವೆಲ್ಲ ಒಂದೇ ಪುಟದಲ್ಲಿ ಬರುತ್ತವೆ. ಕೊನೆಯ ಬ್ಯಾಲೆನ್ಸ್ ಶೀಟ್ ಸಲ್ಲಿಸಿದ್ದು ಯಾವ ವರ್ಷದ್ದು ಎಂಬ ಸಾಲನ್ನು ಮರೆಯದೆ ನೋಟ್‌ಬುಕ್ಕಿಗೆ ಇಳಿಸಿ. ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರ ಸಲ್ಲಿಸಬೇಕೆಂಬುದು ನಿಯಮ. ಎರಡು ವರ್ಷದಿಂದ ಸಲ್ಲಿಸಿಲ್ಲವೆಂದರೆ ಆ ಕಂಪನಿಯ ಮಟ್ಟಿಗೆ ನಿಮ್ಮ ಹುಡುಕಾಟ ಅಲ್ಲಿಗೇ ನಿಲ್ಲಬಹುದು.

ಸಿಐಎನ್ ಇಲ್ಲವೇ? ಎಲ್‌ಎಲ್‌ಪಿ ಆದರೆ ಅದೇ ಜಾಲತಾಣದಲ್ಲಿ ಸಿಗುತ್ತದೆ. ಒಬ್ಬರ ಮಾಲೀಕತ್ವದ ಸಂಸ್ಥೆಯಾದರೆ ಜಿಎಸ್‌ಟಿ ಸಂಖ್ಯೆ ಕೇಳಿ ಪಡೆದು, ಜಿಎಸ್‌ಟಿ ಜಾಲತಾಣದಲ್ಲಿ ಮಾಲೀಕರ ಹೆಸರು, ನೋಂದಣಿ ದಿನಾಂಕ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ ನೋಡಬಹುದು. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ. ಕೆಲಸಕ್ಕೆ ಸೇರಿಸಿಕೊಳ್ಳಲು ಠೇವಣಿ, ತರಬೇತಿ ಶುಲ್ಕ ಕೇಳುವವರ, ಮೂಲ ಅಂಕಪಟ್ಟಿ ಒತ್ತೆ ಇಟ್ಟುಕೊಳ್ಳುವವರ ಬಗ್ಗೆ ಇಷ್ಟೆಲ್ಲ ಹುಡುಕುವ ಅಗತ್ಯವೇ ಇಲ್ಲ. ಎದ್ದು ಬನ್ನಿ.

ಸಂಬಳ: ಸಿಟಿಸಿಯನ್ನು ಒಡೆದು ನೋಡಿ

ಎರಡು ಆಫರ್‌ಗಳಿವೆ ಎಂದುಕೊಳ್ಳಿ. ಒಂದು ಕಂಪನಿ ವರ್ಷಕ್ಕೆ 7,20,000 ರೂಪಾಯಿ ಸಿಟಿಸಿ ಬರೆದಿದೆ, ಇನ್ನೊಂದು 6,30,000. ಮೇಲ್ನೋಟಕ್ಕೆ ವ್ಯತ್ಯಾಸ 90,000. ಈಗ ಲೆಟರ್‌ನ ಕೊನೆಯ ಪುಟದಲ್ಲಿರುವ ಕೋಷ್ಟಕ ತೆಗೆಯಿರಿ.

ಮೊದಲ ಕಂಪನಿಯ 7,20,000ದಲ್ಲಿ ‘ವೇರಿಯಬಲ್ ಪೇ’ 96,000. ಎರಡು ವರ್ಷ ಪೂರೈಸಿದರೆ ಮಾತ್ರ ಸಿಗುವ ‘ರಿಟೆನ್ಷನ್ ಬೋನಸ್’ನ ವಾರ್ಷಿಕ ಪಾಲು 60,000. ಕಂಪನಿ ಕಟ್ಟುವ ಭವಿಷ್ಯ ನಿಧಿ (ಪಿಎಫ್) ತಿಂಗಳಿಗೆ 1,800ರಂತೆ 21,600. ಮೂಲ ವೇತನ 22,000ಕ್ಕೆ ಶೇ 4.81ರಂತೆ ಗ್ರಾಚ್ಯುಟಿ ಸುಮಾರು 12,700. ವೈದ್ಯಕೀಯ ವಿಮೆಯ ಕಂತು 9,700. ಇಷ್ಟನ್ನೂ ಕೂಡಿದರೆ ಸರಿಯಾಗಿ 2 ಲಕ್ಷ. ಉಳಿದದ್ದು 5,20,000, ಅಂದರೆ ತಿಂಗಳಿಗೆ 43,333. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ರಾಜ್ಯದ ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 41,333.

ಎರಡನೆಯ ಕಂಪನಿ ವೇರಿಯಬಲ್ ಇಟ್ಟಿಲ್ಲ, ವಿಮೆಯನ್ನು ಸಿಟಿಸಿಯ ಹೊರಗೆ ಕೊಡುತ್ತದೆ. ಪಿಎಫ್ 21,600, ಮೂಲ ವೇತನ 24,800ಕ್ಕೆ ಗ್ರಾಚ್ಯುಟಿ ಸುಮಾರು 14,300. ಉಳಿದದ್ದು 5,94,100, ತಿಂಗಳಿಗೆ 49,508. ಅದೇ 2,000 ಕಳೆದರೆ ಕೈಗೆ 47,508. ಸಿಟಿಸಿಯಲ್ಲಿ 90,000 ಹಿಂದಿದ್ದ ಕಂಪನಿ ಪ್ರತಿ ತಿಂಗಳೂ ಆರು ಸಾವಿರಕ್ಕಿಂತ ಹೆಚ್ಚು ಕೊಡುತ್ತಿದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬೀಳದ ಕಾರಣ ಲೆಕ್ಕ ಇಷ್ಟಕ್ಕೇ ಮುಗಿಯುತ್ತದೆ.

ಮೊದಲ ಕಂಪನಿಗೆ ಅನ್ಯಾಯವಾಗಬಾರದು. ವೇರಿಯಬಲ್ ಪೂರ್ತಿ ಕೊಟ್ಟರೆ ಅದು ವರ್ಷಕ್ಕೆ 6,16,000 ಆಗಿ ಎರಡನೆಯದನ್ನು ದಾಟುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇಷ್ಟೆ: ‘ಕಳೆದ ಎರಡು ವರ್ಷ ನನ್ನ ಹುದ್ದೆಯವರಿಗೆ ವೇರಿಯಬಲ್‌ನಲ್ಲಿ ಶೇಕಡ ಎಷ್ಟು ಸಂದಾಯವಾಗಿದೆ? ಮೂರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ?’ ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ಪಡೆಯಿರಿ. ಫೋನಿನಲ್ಲಿ ಎಚ್‌ಆರ್ ಹೇಳಿದ ‘ಸಾಮಾನ್ಯವಾಗಿ ಎಲ್ಲರಿಗೂ ಪೂರ್ತಿ ಬರುತ್ತೆ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗ್ರಾಚ್ಯುಟಿಯ ವಿಷಯ ಹೊಸಬರು ಹೆಚ್ಚು ಮೋಸಹೋಗುವ ಜಾಗ. ಕಾಯಂ ನೌಕರರಿಗೆ ಅದು ಕೈಗೆ ಸಿಗುವುದು ಐದು ವರ್ಷ ಒಂದೇ ಕಡೆ ದುಡಿದಾಗ. ಸಣ್ಣ ಕಂಪನಿಯಲ್ಲಿ ಎರಡು ಮೂರು ವರ್ಷಕ್ಕೆ ಜಾಗ ಬದಲಿಸುವವರ ಪಾಲಿಗೆ ಅದು ಕಾಗದದ ಮೇಲಿನ ದುಡ್ಡು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಎರಡು ವಿಷಯದಲ್ಲಿ ನಿಮಗೆ ನೆರವಾಗುತ್ತವೆ. ನಿಗದಿತ ಅವಧಿಯ ಕರಾರಿನ ಮೇಲೆ ಕೆಲಸ ಮಾಡುವವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಹಕ್ಕು ಬರುತ್ತದೆ. ಹಾಗೆಯೇ ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಎಂದೇ ಎಣಿಸಬೇಕು. ಮೂಲ ವೇತನವನ್ನು ಶೇ 30ಕ್ಕೆ ಇಳಿಸಿ, ಉಳಿದದ್ದನ್ನೆಲ್ಲ ‘ಸ್ಪೆಷಲ್ ಅಲೋವೆನ್ಸ್’ ಎಂದು ತುಂಬಿದ ಆಫರ್ ಲೆಟರ್ ಈಗಲೂ ಬಂದರೆ, ಆ ಕಂಪನಿಯ ಲೆಕ್ಕ ವಿಭಾಗ ಕಾನೂನು ಓದಿಲ್ಲ ಎಂದರ್ಥ.

ಪ್ರಯಾಣವೂ ಸಂಬಳದ ಲೆಕ್ಕಕ್ಕೇ ಸೇರಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಸಿಂಗಸಂದ್ರದಲ್ಲಿ ಇರುವವರಿಗೆ ಬೊಮ್ಮನಹಳ್ಳಿಯಿಂದ ಬೊಮ್ಮಸಂದ್ರದವರೆಗಿನ ಕಚೇರಿಗಳು ಹತ್ತಿರವಾಗಿವೆ. ವೈಟ್‌ಫೀಲ್ಡ್‌ನ ಆಫರ್ ಆದರೆ ಆರ್.ವಿ. ರೋಡ್‌ನಲ್ಲಿ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹಿಡಿಯಬೇಕು, ಇಲ್ಲವೇ ಪಿಜಿ ಬದಲಿಸಬೇಕು. ಆ ಖರ್ಚು, ಆ ಗಂಟೆಗಳನ್ನೂ ಬರೆದುಕೊಳ್ಳಿ.

ಗಾತ್ರ: ಹೇಳಿದ ಸಂಖ್ಯೆ, ಇರುವ ಸಂಖ್ಯೆ

‘ನಾವು ಇನ್ನೂರು ಜನರ ಕುಟುಂಬ’ ಎಂದು ಸಂದರ್ಶನದಲ್ಲಿ ಹೇಳುತ್ತಾರೆ. ಅದನ್ನು ತಾಳೆ ನೋಡುವ ದಾರಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನೌಕರರ ಭವಿಷ್ಯ ನಿಧಿ ಸಂಸ್ಥೆಯ ಜಾಲತಾಣದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬ ಸಾರ್ವಜನಿಕ ಸೌಲಭ್ಯವಿದೆ. ಕಂಪನಿಯ ಹೆಸರು ಕೊಟ್ಟರೆ ಅದು ಯಾವ ತಿಂಗಳ ಪಿಎಫ್ ಹಣವನ್ನು ಯಾವ ದಿನ ಕಟ್ಟಿದೆ, ಎಷ್ಟು ಮಂದಿಯ ಲೆಕ್ಕದಲ್ಲಿ, ಒಟ್ಟು ಮೊತ್ತ ಎಷ್ಟು ಎಂಬುದು ತಿಂಗಳವಾರು ಕಾಣುತ್ತದೆ.

ಹಿಂದಿನ ಹನ್ನೆರಡು ತಿಂಗಳ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿ. ಏಪ್ರಿಲ್‌ನಲ್ಲಿ 64 ಮಂದಿ, ಜುಲೈನಲ್ಲಿ 58, ಅಕ್ಟೋಬರ್‌ನಲ್ಲಿ 41 ಎಂದಿದ್ದರೆ ಆ ಕಂಪನಿ ಬೆಳೆಯುತ್ತಿಲ್ಲ, ಕರಗುತ್ತಿದೆ. ನಿಮ್ಮನ್ನು ತೆಗೆದುಕೊಳ್ಳುತ್ತಿರುವುದು ಬಿಟ್ಟುಹೋದವರ ಕುರ್ಚಿ ತುಂಬಲು. ಸಂಖ್ಯೆ ಒಂದೇ ಸಮ ಇದ್ದರೂ ದಿನಾಂಕ ನೋಡಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದು 28ಕ್ಕೆ, ಆಮೇಲೆ 40 ದಿನ ತಡವಾಗಿ, ಆಮೇಲೆ ಎರಡು ತಿಂಗಳದ್ದು ಒಟ್ಟಿಗೆ ಎಂದು ಜಾರುತ್ತಾ ಹೋಗಿದ್ದರೆ ಕಂಪನಿಯ ಕೈಯಲ್ಲಿ ಕಾಸಿಲ್ಲ. ಹಣದ ಮುಗ್ಗಟ್ಟು ಬಂದ ಮಾಲೀಕರು ಸಂಬಳ ತಡಮಾಡುವ ಮುಂಚೆ ನೌಕರರ ಕಣ್ಣಿಗೆ ಬೀಳದ ಬಾಕಿಗಳನ್ನು ಮುಂದೂಡುತ್ತಾರೆ. ಪಿಎಫ್ ಅಂಥದ್ದರಲ್ಲಿ ಮೊದಲನೆಯದು.

ಈ ಎಣಿಕೆಗೆ ಒಂದು ಮಿತಿ ಉಂಟು. ಹಿಂದೆಂದೂ ಪಿಎಫ್ ಸದಸ್ಯರಾಗಿರದೆ, 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಗಿಂತ ಹೆಚ್ಚಿನ ವೇತನಕ್ಕೆ ಸೇರುವವರು ಪಿಎಫ್‌ನಿಂದ ಹೊರಗುಳಿಯಲು ಅವಕಾಶವಿದೆ. ಹಾಗಾಗಿ ನಿಜವಾದ ತಲೆಗಳು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇರಬಹುದು. 200 ಎಂದು ಹೇಳಿ ಪಟ್ಟಿಯಲ್ಲಿ 170 ಇದ್ದರೆ ಚಿಂತೆ ಬೇಡ. 35 ಇದ್ದರೆ, ಉಳಿದವರು ಎಲ್ಲಿ ಎಂದು ಕೇಳಿ.

ಗಾತ್ರದಿಂದ ನಿಮ್ಮ ಹಕ್ಕುಗಳೂ ಬದಲಾಗುತ್ತವೆ. ಹತ್ತು ಮಂದಿ ಇದ್ದರೆ ಗ್ರಾಚ್ಯುಟಿ ಅನ್ವಯವಾಗುತ್ತದೆ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ಆಂತರಿಕ ಸಮಿತಿ ಇರಬೇಕು. ಇಪ್ಪತ್ತಾದರೆ ಪಿಎಫ್ ಕಡ್ಡಾಯ. ಐವತ್ತಾದರೆ ಶಿಶುಪಾಲನಾ ಸೌಲಭ್ಯ ಕೊಡಬೇಕು. ಹೆಣ್ಣುಮಕ್ಕಳು ಆಂತರಿಕ ಸಮಿತಿಯ ಸದಸ್ಯರ ಹೆಸರುಗಳನ್ನು ಸೇರುವ ಮುಂಚೆಯೇ ಕೇಳಲಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಂಪನಿ ಆ ಸಮಿತಿ ಮಾಡಿರುವುದು ಅನುಮಾನ.

ಕಲಿಕೆಯ ದೃಷ್ಟಿಯಿಂದ ನನ್ನ ಅನಿಸಿಕೆ ಹೀಗಿದೆ. ಮೊದಲ ಕೆಲಸಕ್ಕೆ ಹದಿನೈದು ಜನರ ಕಂಪನಿ ಕಷ್ಟ. ಎಲ್ಲ ಕೆಲಸವೂ ನಿಮ್ಮ ಮೇಲೆ ಬೀಳುತ್ತದೆ, ಆದರೆ ನಿಮ್ಮ ಕೋಡ್ ಓದಿ ತಪ್ಪು ತೋರಿಸುವ ಹಿರಿಯರು ಇರುವುದಿಲ್ಲ. ಐವತ್ತರಿಂದ ನೂರರ ನಡುವಿನ ಕಂಪನಿಯಲ್ಲಿ ಟೀಮ್ ಲೀಡ್ ಇರುತ್ತಾರೆ, ಪರೀಕ್ಷಿಸುವವರು ಬೇರೆ ಇರುತ್ತಾರೆ, ಆದರೂ ಮಾಲೀಕರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ನಾಲ್ಕೈದು ವರ್ಷದ ಅನುಭವ ಆದ ಮೇಲೆ ಹದಿನೈದು ಜನರ ಕಂಪನಿಗೆ ಹೋದರೆ ಅದರಷ್ಟು ಕಲಿಸುವ ಜಾಗ ಇನ್ನೊಂದಿಲ್ಲ.

ಇನ್ನೊಂದನ್ನು ಸಂದರ್ಶನದಲ್ಲೇ ಇತ್ಯರ್ಥ ಮಾಡಿಕೊಳ್ಳಿ: ಇವರು ಸ್ವಂತ ಉತ್ಪನ್ನ ಮಾಡುವವರೋ, ಕ್ಲೈಂಟ್‌ಗಳಿಗೆ ಕೆಲಸ ಮಾಡಿಕೊಡುವವರೋ, ಅಥವಾ ಬೇರೆ ಕಂಪನಿಗಳಿಗೆ ಜನರನ್ನು ಪೂರೈಸುವವರೋ? ಮೂರನೆಯದಾದರೆ ನೀವು ಇವರ ಪೇರೋಲ್‌ನಲ್ಲಿದ್ದು, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ದೊಡ್ಡ ಕಚೇರಿಯಲ್ಲಿ ಕೂರುತ್ತೀರಿ. ಅದೇನೂ ಕೀಳಲ್ಲ, ಎಷ್ಟೋ ಮಂದಿ ಹಾಗೇ ಬೆಳೆದಿದ್ದಾರೆ. ಆದರೆ ಪ್ರಾಜೆಕ್ಟ್ ಮುಗಿದು, ಮುಂದಿನದು ಸಿಗುವವರೆಗೆ ಬೆಂಚ್‌ನಲ್ಲಿ ಕೂತಾಗ ಪೂರ್ತಿ ಸಂಬಳ ಕೊಡುತ್ತಾರೆಯೇ, ಎಷ್ಟು ತಿಂಗಳವರೆಗೆ ಎಂಬುದು ಕಾಗದದಲ್ಲಿ ಇರಬೇಕು.

ನೂರು ರೂಪಾಯಿ ಖರ್ಚು ಮಾಡಿ

ಸಚಿವಾಲಯದ ಅದೇ ಜಾಲತಾಣದಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಕಟ್ಟಿದರೆ ಅದು ಸಲ್ಲಿಸಿರುವ ದಾಖಲೆಗಳನ್ನು ತೆರೆದು ನೋಡಬಹುದು. ಎಒಸಿ-4 ಎಂಬ ಹೆಸರಿನ ಕಡತದಲ್ಲಿ ಲಾಭ-ನಷ್ಟದ ಲೆಕ್ಕ ಇರುತ್ತದೆ. ಬಿ.ಕಾಂ. ಓದಿದ ಗೆಳೆಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಲ್ಲದಿದ್ದರೂ ಎರಡು ಭಾಗಾಕಾರ ನೀವೇ ಮಾಡಬಲ್ಲಿರಿ.

ಉದ್ಯೋಗಿಗಳ ಮೇಲಿನ ವೆಚ್ಚ ಎಂಬ ಸಾಲಿನ ಮೊತ್ತವನ್ನು ಆ ವರ್ಷದ ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ. ಮೊತ್ತ 3 ಕೋಟಿ 60 ಲಕ್ಷ, ನೌಕರರು 60 ಎಂದಾದರೆ ತಲೆಗೆ 6 ಲಕ್ಷ. ಇಷ್ಟಕ್ಕೇ ನಂಬಬೇಡಿ. ಹಿಂದಿನ ಪುಟಗಳಲ್ಲಿ ಸಂಬಂಧಿತ ವ್ಯಕ್ತಿಗಳ ವ್ಯವಹಾರ ಎಂಬ ಟಿಪ್ಪಣಿ ಹುಡುಕಿ. ನಿರ್ದೇಶಕರು ಪಡೆದ ಸಂಭಾವನೆ ಅಲ್ಲಿರುತ್ತದೆ. ಇಬ್ಬರು ನಿರ್ದೇಶಕರೇ ಒಂದು ಕೋಟಿ ಪಡೆದಿದ್ದರೆ, ಉಳಿದ 58 ಮಂದಿಗೆ ಹಂಚಿಕೆಯಾದದ್ದು 2 ಕೋಟಿ 60 ಲಕ್ಷ, ತಲೆಗೆ ನಾಲ್ಕೂವರೆ ಲಕ್ಷದ ಒಳಗೆ. ಅಂಥ ಕಡೆ ನಿಮಗೆ 9 ಲಕ್ಷ ಕೊಡುತ್ತೇವೆ ಎಂದರೆ, ಆ ಹುದ್ದೆಯಲ್ಲಿ ಹಿಂದಿದ್ದವರು ಎಷ್ಟು ದಿನ ಉಳಿದರು ಎಂದು ವಿಚಾರಿಸುವುದು ಒಳ್ಳೆಯದು.

ಎರಡನೆಯದು, ವ್ಯವಹಾರದ ವರಮಾನವನ್ನು ನೌಕರರ ಸಂಖ್ಯೆಯಿಂದ ಭಾಗಿಸುವುದು. ತಲಾ ವರಮಾನ ತಲಾ ವೆಚ್ಚಕ್ಕಿಂತ ಗಣನೀಯವಾಗಿ ಮೇಲಿರಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಒಬ್ಬ ಕ್ಲೈಂಟ್ ಬಿಲ್ ತಡಮಾಡಿದ ತಿಂಗಳು ಸಂಬಳವೂ ತಡ. ಹೂಡಿಕೆದಾರರ ಹಣದಿಂದ ನಡೆಯುವ ಸ್ಟಾರ್ಟಪ್ ಆದರೆ ನಷ್ಟ ಕಾಣುವುದು ಸಹಜ. ಅಲ್ಲಿ ಕೇಳಬೇಕಾದದ್ದು, ಕೈಯಲ್ಲಿರುವ ಹಣ ಎಷ್ಟು ತಿಂಗಳ ಖರ್ಚಿಗೆ ಸಾಲುತ್ತದೆ ಎಂಬುದು. ಹನ್ನೆರಡಕ್ಕಿಂತ ಕಡಿಮೆ ಎಂದರೆ ಮನೆಯ ಜವಾಬ್ದಾರಿ ಇರುವವರು ಯೋಚಿಸಬೇಕು. ಹೂಡಿಕೆ ಬಂದಿದೆ ಎಂದು ಪತ್ರಿಕೆಯಲ್ಲಿ ಓದಿದ್ದನ್ನೂ ತಾಳೆ ನೋಡಬಹುದು. ಹೊಸ ಷೇರು ಹಂಚಿದ ಕಂಪನಿ ಪಿಎಎಸ್-3 ನಮೂನೆ ಸಲ್ಲಿಸಬೇಕು, ನಿಜವಾಗಿ ಬಂದ ಮೊತ್ತ ಅದರಲ್ಲಿರುತ್ತದೆ.

ನಾಯಕತ್ವ: ಕುರ್ಚಿಯಲ್ಲಿ ಯಾರಿದ್ದಾರೆ

ಬೆಂಗಳೂರು ಕಂಡ ಅತಿ ದೊಡ್ಡ ಪಾಠ ಆನ್‌ಲೈನ್ ಶಿಕ್ಷಣದ ಕಂಪನಿ ಬೈಜೂಸ್‌ನದು. ಅದು ಸಣ್ಣ ಕಂಪನಿಯಲ್ಲ, ಆದರೆ ಸಣ್ಣ ಕಂಪನಿಯಂತೆಯೇ ಸ್ಥಾಪಕರ ಸುತ್ತ ಸುತ್ತುತ್ತಿತ್ತು. 2022ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕಪತ್ರ ಒಂದು ವರ್ಷ ದಾಟಿದರೂ ಬರಲಿಲ್ಲ. 2023ರ ಜೂನ್‌ನಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಇದೇ ವಿಳಂಬವನ್ನು ಹೇಳಿ ಹಿಂದೆ ಸರಿಯಿತು. ಹೂಡಿಕೆದಾರರನ್ನು ಪ್ರತಿನಿಧಿಸುತ್ತಿದ್ದ ಮೂವರು ನಿರ್ದೇಶಕರೂ ಆಗಲೇ ಹೊರನಡೆದರು. ನೌಕರರ ಪಿಎಫ್ ಬಾಕಿಯ ಸಂಗತಿ, ನಾನು ಮೇಲೆ ಹೇಳಿದ ಸಾರ್ವಜನಿಕ ಪಟ್ಟಿಯ ಮೂಲಕವೇ ಆ ತಿಂಗಳು ಸುದ್ದಿಯಾಯಿತು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ತಡವಾದ ಲೆಕ್ಕಪತ್ರ, ಹೊರನಡೆದ ಆಡಿಟರ್, ರಾಜೀನಾಮೆ ಕೊಟ್ಟ ನಿರ್ದೇಶಕರು, ಬಾಕಿ ಉಳಿದ ಪಿಎಫ್: ದಿವಾಳಿಗೆ ಒಂದು ವರ್ಷ ಮುಂಚೆಯೇ ನಾಲ್ಕೂ ದಾಖಲೆಯಲ್ಲಿದ್ದವು. ನಲವತ್ತು ಜನರ ಕಂಪನಿಯಲ್ಲೂ ಇವೇ ನಾಲ್ಕನ್ನು ಹುಡುಕಬೇಕು. ಆಡಿಟರ್ ರಾಜೀನಾಮೆ ಎಡಿಟಿ-3 ನಮೂನೆಯಲ್ಲಿ, ನಿರ್ದೇಶಕರ ಬದಲಾವಣೆ ಡಿಐಆರ್-12ರಲ್ಲಿ ಇರುತ್ತದೆ. ಸುದ್ದಿಯಾಗದ ಕಂಪನಿಯಲ್ಲಿ ಇದನ್ನು ನೋಡುವವರು ಯಾರೂ ಇಲ್ಲ, ನೀವೇ ನೋಡಿಕೊಳ್ಳಬೇಕು.

ನಿರ್ದೇಶಕರ ಪಟ್ಟಿಯಲ್ಲಿ ಗಂಡ-ಹೆಂಡತಿ, ಅಪ್ಪ-ಮಗನ ಹೆಸರು ಕಂಡ ಕೂಡಲೇ ಹಲವರು ಹಿಂಜರಿಯುತ್ತಾರೆ. ಅದು ಸರಿಯಲ್ಲ. ಇದೇ ಹೊಸೂರು ರಸ್ತೆಯಲ್ಲಿ, ಹೊಂಗಸಂದ್ರದ ಎಎಂಆರ್ ಟೆಕ್ ಪಾರ್ಕ್‌ನಲ್ಲಿರುವ ಟ್ಯಾಲಿಯನ್ನು 1986ರಲ್ಲಿ ಶುರು ಮಾಡಿದ್ದು ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ. ಈಗ ಮುಂದಿನ ತಲೆಮಾರಿನ ತೇಜಸ್ ಗೋಯೆಂಕಾ ವ್ಯವಸ್ಥಾಪಕ ನಿರ್ದೇಶಕರು. ಊರಿನ ಕಿರಾಣಿ ಸಗಟು ವ್ಯಾಪಾರಿಯ ಕಂಪ್ಯೂಟರಿನಲ್ಲೂ ಅವರ ತಂತ್ರಾಂಶ ಇದೆ. ಮನೆತನದ ಕಂಪನಿಯಲ್ಲಿ ನೋಡಬೇಕಾದದ್ದು, ಮನೆಯವರಲ್ಲದವರು ಎಷ್ಟು ಎತ್ತರದ ಹುದ್ದೆಗೆ ಏರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನು.

ಎರಡನೇ ಸಾಲಿನ ನಾಯಕರೇ ಸಣ್ಣ ಕಂಪನಿಯ ಬೆನ್ನೆಲುಬು. ಸ್ಥಾಪಕರು ಕ್ಲೈಂಟ್ ಹುಡುಕಿಕೊಂಡು ಊರೂರು ಸುತ್ತುತ್ತಿರುತ್ತಾರೆ. ನಿಮಗೆ ಕೆಲಸ ಕಲಿಸುವುದು, ರಜೆ ಕೊಡುವುದು, ಹೈಕ್‌ಗೆ ಶಿಫಾರಸು ಮಾಡುವುದು ಟೀಮ್ ಲೀಡ್ ಮತ್ತು ಡೆಲಿವರಿ ಮ್ಯಾನೇಜರ್. ಸಂದರ್ಶನದ ಕೊನೆಗೆ ‘ನಾನು ಯಾರಿಗೆ ವರದಿ ಮಾಡಬೇಕೋ ಅವರ ಜೊತೆ ಹದಿನೈದು ನಿಮಿಷ ಮಾತಾಡಬಹುದೇ’ ಎಂದು ಕೇಳಿ. ಆ ಹುದ್ದೆಯಲ್ಲಿ ಮೂರು ವರ್ಷದಲ್ಲಿ ಮೂವರು ಬಂದುಹೋಗಿದ್ದರೆ ತೊಂದರೆ ಅವರಲ್ಲಿಲ್ಲ, ಅವರ ಮೇಲಿನವರಲ್ಲಿದೆ.

ಆನ್‌ಲೈನ್ ವಿಮರ್ಶೆಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸಣ್ಣ ಕಂಪನಿಯ ಹತ್ತು ವಿಮರ್ಶೆಯಲ್ಲಿ ಐದನ್ನು ಎಚ್‌ಆರ್ ಹೇಳಿ ಬರೆಸಿರಬಹುದು, ಮೂರನ್ನು ಸಿಟ್ಟಿನಲ್ಲಿ ಹೋದವರು ಬರೆದಿರಬಹುದು. ಅದಕ್ಕಿಂತ ಲಿಂಕ್ಡ್‌ಇನ್‌ನಲ್ಲಿ ಆ ಕಂಪನಿ ಬಿಟ್ಟು ಆರು ತಿಂಗಳಾದ ಇಬ್ಬರನ್ನು ಹುಡುಕಿ, ಸಂಕೋಚವಿಲ್ಲದೆ ಕೇಳಿ. ಕನ್ನಡದವರು ಸಿಕ್ಕರೆ ‘ಅಣ್ಣ, ಅಕ್ಕ’ ಎಂದು ಕೇಳಿದ ಹೊಸಬರಿಗೆ ಬಾಯಿ ಬಿಚ್ಚದವರು ಕಡಿಮೆ. ಪ್ರಶ್ನೆ ನಾಲ್ಕೇ ಇರಲಿ. ಸಂಬಳ ಎಂದಾದರೂ ತಡವಾಗಿತ್ತೇ? ರಾಜೀನಾಮೆ ಕೊಟ್ಟ ಮೇಲೆ ಬಾಕಿ ಹಣ, ರಿಲೀವಿಂಗ್ ಲೆಟರ್ ಎಷ್ಟು ದಿನಕ್ಕೆ ಸಿಕ್ಕಿತು? ತಪ್ಪಾದಾಗ ಮೇಲಿನವರು ಎಲ್ಲರೆದುರು ಬೈಯುತ್ತಾರೋ ಕರೆದು ಹೇಳುತ್ತಾರೋ? ಇನ್ನೊಮ್ಮೆ ಕರೆದರೆ ಹೋಗುತ್ತೀರಾ? ಕೊನೆಯ ಪ್ರಶ್ನೆಗೆ ಬರುವ ಉತ್ತರಕ್ಕಿಂತ, ಉತ್ತರಕ್ಕೆ ಮುಂಚೆ ಅವರು ತಡೆಯುವ ರೀತಿ ಹೆಚ್ಚು ಹೇಳುತ್ತದೆ.

ಸಾಧ್ಯವಾದರೆ ಕಚೇರಿಗೆ ಹೋಗಿ ಸಂದರ್ಶನ ಕೊಡಿ. ಸಂಜೆ ಏಳೂವರೆಗೆ ಎಷ್ಟು ಕುರ್ಚಿ ತುಂಬಿವೆ, ಊಟದ ಜಾಗದಲ್ಲಿ ಹಿರಿಯರು ಕಿರಿಯರು ಒಟ್ಟಿಗೆ ಕೂರುತ್ತಾರೋ ಎಂಬುದು ವಿಡಿಯೊ ಕರೆಯಲ್ಲಿ ಕಾಣುವುದಿಲ್ಲ. ಸ್ಥಾಪಕರು ಸಿಕ್ಕರೆ ‘ನಿಮ್ಮ ಅತಿ ದೊಡ್ಡ ಕ್ಲೈಂಟ್‌ನಿಂದ ವರಮಾನದಲ್ಲಿ ಎಷ್ಟು ಪಾಲು ಬರುತ್ತದೆ’ ಎಂದು ಮರ್ಯಾದೆಯಿಂದಲೇ ಕೇಳಿ. ಅರ್ಧಕ್ಕಿಂತ ಹೆಚ್ಚು ಎಂದು ನೇರವಾಗಿ ಒಪ್ಪಿಕೊಂಡು, ಅದಕ್ಕೆ ತಾವು ಮಾಡುತ್ತಿರುವುದನ್ನು ಹೇಳುವವರ ಬಳಿ ಧೈರ್ಯವಾಗಿ ಸೇರಬಹುದು.

ಷೇರು ಕೊಡುತ್ತೇವೆ ಎಂದರೆ

ನೌಕರರಿಗೆ ಷೇರು ಕೊಡುವ ಯೋಜನೆಯಾದ ಇಸಾಪ್ ಅನ್ನು ಸಂಬಳದ ಬದಲಿಗೆ ಒಪ್ಪಬೇಡಿ, ಸಂಬಳದ ಮೇಲೆ ಬಂದರೆ ಸಂತೋಷ. ಎಷ್ಟು ಷೇರು ಎಂಬ ಸಂಖ್ಯೆಗೆ ಅರ್ಥವಿಲ್ಲ, ಕಂಪನಿಯ ಒಟ್ಟು ಷೇರಿನಲ್ಲಿ ಶೇಕಡ ಎಷ್ಟು ಎಂದು ಕೇಳಿ. ಕಾನೂನಿನ ಪ್ರಕಾರ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಅದು ನಿಮ್ಮದಾಗುವುದಿಲ್ಲ. ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಹಣ ಕಟ್ಟಿ ಷೇರು ಪಡೆಯಬೇಕು, ಕಂಪನಿ ಮಾರಾಟವಾದರೆ ನಿಮ್ಮ ಪಾಲು ಏನಾಗುತ್ತದೆ ಎಂಬುದು ಬರವಣಿಗೆಯಲ್ಲಿರಲಿ. ಮಾರಾಟ ಇಲ್ಲಿ ದೂರದ ಮಾತಲ್ಲ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ 2021ರಲ್ಲಿ ಟಾಟಾ ಸಮೂಹಕ್ಕೆ ಸೇರಿತು, ಮರುವರ್ಷ ಅದೇ ತೇಜಸ್ ಇದೇ ಊರಿನ ಚಿಪ್ ವಿನ್ಯಾಸದ ಸಾಂಖ್ಯ ಲ್ಯಾಬ್ಸ್ ಅನ್ನು ಕೊಂಡಿತು. ಸೇರುವಾಗ ಇದ್ದ ಧಣಿ ಬೇರೆ, ಎರಡು ವರ್ಷದ ಮೇಲೆ ಬೇರೆ ಆಗಬಹುದು.

ಬಾಂಡ್ ಮತ್ತು ನೋಟಿಸ್

‘ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಎರಡು ಲಕ್ಷ’ ಎಂಬ ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆ ಇಲ್ಲ ಎಂದು ಹಾಸ್ಟೆಲ್‌ನಲ್ಲಿ ಹೇಳುವ ಮಾತನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟ ಅಧಿಕಾರಿ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಕೆಲಸ ಬಿಟ್ಟ ಮೇಲೂ ‘ಒಂದು ವರ್ಷ ಇದೇ ಕ್ಷೇತ್ರದ ಬೇರೆ ಕಂಪನಿಗೆ ಸೇರಬಾರದು’ ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿದು ಸಹಿ ಹಾಕಿ. ಬಾಂಡ್ ಇದ್ದೇ ತೀರುವುದಾದರೆ, ಉಳಿದ ತಿಂಗಳಿಗೆ ತಕ್ಕಂತೆ ಮೊತ್ತ ಇಳಿಯುತ್ತಾ ಹೋಗಬೇಕೆಂದು ಕೇಳಿ ಬರೆಸಿಕೊಳ್ಳಿ. ಫ್ರೆಷರ್‌ಗೆ 90 ದಿನದ ನೋಟಿಸ್ ಪೀರಿಯಡ್ ಅನಗತ್ಯ ಭಾರ. 30ಕ್ಕೆ ಇಳಿಸಲು ಕೇಳಿದರೆ 60ಕ್ಕಾದರೂ ಒಪ್ಪುವ ಸಂಭವ ಇದೆ.

ಎಲ್ಲ ಬರೆದ ಮೇಲೆ ಎರಡು ಕಂಪನಿಗಳೂ ಸಮ ಅನ್ನಿಸಿದರೆ, ಮೇಲಧಿಕಾರಿ ಒಳ್ಳೆಯವರೆಂದು ಬಿಟ್ಟುಹೋದವರು ಹೇಳಿದ ಕಡೆ ಹೋಗಿ, ತಿಂಗಳಿಗೆ ಮೂರು ನಾಲ್ಕು ಸಾವಿರ ಕಡಿಮೆಯಾದರೂ ಸರಿ. ಸಾಲದ ಕಂತು ಕುತ್ತಿಗೆಗೆ ಬಂದವರು ಮಾತ್ರ ಖಚಿತವಾಗಿ ಕೈಗೆ ಬರುವ ಸಂಬಳವನ್ನು ಮೊದಲಿಡಲಿ. ಅದರಲ್ಲಿ ನಾಚಿಕೆಯೇನಿಲ್ಲ.

ಸೇರಿದ ಮೇಲೂ ಪರಿಶೀಲನೆ ನಿಲ್ಲಬಾರದು. ಎರಡನೇ ಪೇಸ್ಲಿಪ್ ಬಂದ ಮೇಲೆ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು, ಸಂಬಳದಲ್ಲಿ ಹಿಡಿದ 1,800 ಮತ್ತು ಕಂಪನಿಯ ಪಾಲು ಎರಡೂ ಜಮಾ ಆಗಿವೆಯೇ ನೋಡಿ. ಆಗಿರದಿದ್ದರೆ ಎಚ್‌ಆರ್‌ಗೆ ಇಮೇಲ್ ಬರೆದು ಎರಡು ವಾರ ಕಾಯಿರಿ. ಆಮೇಲೆ ಪಿಎಫ್ ಸಂಸ್ಥೆಯ ಇಪಿಎಫ್‌ಐಜಿಎಂಎಸ್ ದೂರು ಜಾಲತಾಣದಲ್ಲಿ ಪೇಸ್ಲಿಪ್ ಸಮೇತ ದೂರು ದಾಖಲಿಸಿ. ಸಂಬಳವೇ ನಿಂತರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನವಿದೆ. 2017ರಿಂದ ಐಟಿ ನೌಕರರ ಪರವಾಗಿ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘ ‘ಕಿಟು’ ಕೂಡ ದಾರಿ ತೋರಿಸುತ್ತದೆ. ಪಿಎಫ್ ದೂರಿಗೆ ಮಾತ್ರ ಈ ಭಾಗದವರು ದೂರ ಹೋಗಬೇಕಿಲ್ಲ. ಬೊಮ್ಮಸಂದ್ರ ಪ್ರಾದೇಶಿಕ ಪಿಎಫ್ ಕಚೇರಿ ಇರುವುದು ಸಿಂಗಸಂದ್ರದಲ್ಲೇ, ಹೊಸೂರು ಮುಖ್ಯರಸ್ತೆಯ ಬಳಿ. ಯುಎಎನ್ ಸಂಖ್ಯೆ, ಆಧಾರ್, ಕೊನೆಯ ಮೂರು ಪೇಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್‌ನ ಜೆರಾಕ್ಸ್ ಜೊತೆಗಿಟ್ಟುಕೊಂಡು ಹೋಗಿ.